ಇದಕ್ಕೆ ಯಾರು ಬರುತ್ತಾರೆ? ಆತ್ಮಹತ್ಯೆ ತಡೆಯಲು ದೇಶಗಳು ಹಿಡಿದ ದಾರಿಗಳು

ಮುಂಬಯಿಯ ನಮ್ಮ ಕನ್ನಡ ಸಂಘದ ತ್ರೈಮಾಸಿಕಕ್ಕೆ ಶ್ರದ್ಧಾಂಜಲಿ ಬರೆಯುವ ಕೆಲಸ ಹದಿನೈದು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ವಯಸ್ಸಾಗಿ ಹೋದವರು ‘ದೈವಾಧೀನರಾದರು’, ಕಾಯಿಲೆಯಿಂದ ಹೋದವರು ‘ಅಲ್ಪಕಾಲದ ಅಸೌಖ್ಯದಿಂದ’ ಹೋದರು. ಮೂರನೆಯ ಬಗೆಯ ಸಾವಿಗೆ ನಾನು ಬರೆಯುವುದು ‘ಹಠಾತ್ತನೆ ನಿಧನರಾದರು’ ಎಂದು. ಮನೆಯವರಿಗೂ ಗೊತ್ತು, ಓದುವವರಿಗೂ ಗೊತ್ತು, ಯಾರೂ ಕೇಳುವುದಿಲ್ಲ. ಕಳೆದ ವರ್ಷ ಅಂಥದೊಂದು ವಾಕ್ಯ ಬರೆದು ಕೊಟ್ಟ ಸಂಜೆ, ಕುರ್ಲಾದಲ್ಲಿ ಹೋಟೆಲು ನಡೆಸುವ ಹಿರಿಯರೊಬ್ಬರು ಚಹಾದ ಲೋಟ ಕೆಳಗಿಟ್ಟು ಕೇಳಿದರು: “ಅಲ್ಲ ಮಾರಾಯರೇ, ಮಲೇರಿಯಾ ಬಂದರೆ ಮುನಿಸಿಪಾಲಿಟಿಯವರು ಬಂದು ಹೊಗೆ ಬಿಟ್ಟು ಹೋಗುತ್ತಾರೆ. ಇದಕ್ಕೆ ಯಾರು ಬರುತ್ತಾರೆ?”

ಅವರು ಕೇಳಿದ್ದು ಅರ್ಧ ವ್ಯಂಗ್ಯದಲ್ಲಿ. ನನಗೋ ಆ ಪ್ರಶ್ನೆ ಅಂಟಿಕೊಂಡಿತು. ‘ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರ’ ಎಂಬ ಭಾರದ ಹೆಸರಿನ ಕಡತಗಳನ್ನು ಆಮೇಲೆ ಒಂದೊಂದಾಗಿ ಓದುತ್ತ ಹೋದೆ. ಯಾವ ದೇಶದ ಕಡತ ಕೆಲಸ ಮಾಡಿತು, ಯಾವುದು ಕಪಾಟಿನಲ್ಲೇ ಉಳಿಯಿತು ಎಂದು ತೂಗಲು ಹೋಟೆಲಿನ ಆ ಪ್ರಶ್ನೆಗಿಂತ ಒಳ್ಳೆಯ ತಕ್ಕಡಿ ನನಗೆ ಸಿಗಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ವರ್ಷಕ್ಕೆ 7 ಲಕ್ಷ 20 ಸಾವಿರಕ್ಕೂ ಹೆಚ್ಚು ಜನ ಆತ್ಮಹತ್ಯೆಯಿಂದ ಸಾಯುತ್ತಾರೆ. ಅವರಲ್ಲಿ ಮುಕ್ಕಾಲು ಪಾಲಿನಷ್ಟು ಜನ ಬಡ ಮತ್ತು ಮಧ್ಯಮ ವರಮಾನದ ದೇಶಗಳವರು. ಬಹುಕಾಲ ಇದು ಮನೋವೈದ್ಯರ ಕೋಣೆಯ ವಿಷಯವಾಗಿತ್ತು, ಇಲ್ಲವೇ ಪೊಲೀಸ್ ಠಾಣೆಯ ವಿಷಯವಾಗಿತ್ತು. ದೇಶಗಳು ಇದಕ್ಕೊಂದು ಯೋಜನೆ ಮಾಡಿಕೊಳ್ಳಬೇಕು ಎಂದು ವಿಶ್ವಸಂಸ್ಥೆ ಮಾರ್ಗಸೂಚಿ ಹೊರಡಿಸಿದ್ದು 1996ರಲ್ಲಿ. ಅಲ್ಲಿಂದ ಕಲಿತದ್ದನ್ನೆಲ್ಲ ಬಸಿದು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಾಲ್ಕು ಕೆಲಸಗಳನ್ನು ಹೇಳಿತು: ಸಾವಿನ ಸಾಧನಗಳು ಸುಲಭವಾಗಿ ಕೈಗೆ ಸಿಗದಂತೆ ಮಾಡುವುದು, ಪತ್ರಿಕೆಗಳವರೊಂದಿಗೆ ಕೂತು ಮಾತನಾಡುವುದು, ಶಾಲೆಯ ಮಕ್ಕಳಿಗೆ ಬದುಕನ್ನು ನಿಭಾಯಿಸುವ ಕೌಶಲ ಕಲಿಸುವುದು, ಸಂಕಟದಲ್ಲಿರುವವರನ್ನು ಬೇಗ ಗುರುತಿಸಿ ಕೈ ಬಿಡದೆ ನೋಡಿಕೊಳ್ಳುವುದು. ಗಮನಿಸಿ, ಮೊದಲ ಮೂರಕ್ಕೆ ವೈದ್ಯರೇ ಬೇಕಿಲ್ಲ. ಕೃಷಿ ಇಲಾಖೆ, ಪತ್ರಿಕಾ ಕಚೇರಿ, ಶಾಲೆ ಸಾಕು.

ಇಂಥದೊಂದು ಕೆಲಸವನ್ನು ದೇಶದ ಮಟ್ಟದಲ್ಲಿ ಮೊದಲು ಕೈಗೆತ್ತಿಕೊಂಡದ್ದು ಫಿನ್‌ಲೆಂಡ್. 1986ರಲ್ಲಿ ಆರಂಭವಾದ ಅವರ ಯೋಜನೆ ಉಪದೇಶದಿಂದ ಶುರುವಾಗಲಿಲ್ಲ, ಎಣಿಕೆಯಿಂದ ಶುರುವಾಯಿತು. 1987ರ ಏಪ್ರಿಲ್‌ನಿಂದ ಹನ್ನೆರಡು ತಿಂಗಳು ದೇಶದಲ್ಲಿ ಸಂಭವಿಸಿದ ಪ್ರತಿಯೊಂದು ಆತ್ಮಹತ್ಯೆಯನ್ನೂ, ಸುಮಾರು 1,400 ಸಾವುಗಳನ್ನು, ತೆಗೆದುಕೊಂಡು ಮನೆಯವರನ್ನೂ ಚಿಕಿತ್ಸೆ ಕೊಟ್ಟವರನ್ನೂ ಭೇಟಿಯಾಗಿ ಕೊನೆಯ ತಿಂಗಳುಗಳ ಕಥೆ ಕೇಳಿದರು. ದೇಹದ ಮರಣೋತ್ತರ ಪರೀಕ್ಷೆಯಂತೆ ಇದು ಬದುಕಿನ ಮರಣೋತ್ತರ ಪರೀಕ್ಷೆ. ಹೆಚ್ಚಿನವರಲ್ಲಿ ಖಿನ್ನತೆಯೋ ಕುಡಿತದ ತೊಂದರೆಯೋ ಇತ್ತು. ಖಿನ್ನತೆ ಇದ್ದವರಲ್ಲಿ ಸರಿಯಾದ ಚಿಕಿತ್ಸೆ ಪಡೆಯುತ್ತಿದ್ದವರು ಬಹಳ ಕಡಿಮೆ. ಇದನ್ನು ಕಂಡುಕೊಂಡ ಮೇಲೆಯೇ ಅವರು ಜಿಲ್ಲಾ ಮಟ್ಟದಲ್ಲಿ ಏನು ಮಾಡಬೇಕೆಂದು ಬರೆದರು. 1990ರ ಸುಮಾರಿಗೆ ಲಕ್ಷ ಜನಕ್ಕೆ 30ರಷ್ಟಿದ್ದ ಪ್ರಮಾಣ ಮುಂದಿನ ದಶಕಗಳಲ್ಲಿ ಅರ್ಧಕ್ಕೆ ಇಳಿಯಿತು. ಇಳಿದದ್ದೆಲ್ಲ ಯೋಜನೆಯಿಂದಲೇ ಎಂದು ಹೇಳಲಾಗದು. ಅದೇ ಕಾಲದಲ್ಲಿ ಔಷಧಿಗಳೂ ಬದಲಾದವು, ಕಾಲವೂ ಬದಲಾಯಿತು. ದೇಶದೇಶಗಳ ಅಂಕಿಗಳನ್ನು ಪಕ್ಕಪಕ್ಕ ಇಡುವಾಗ ಈ ಎಚ್ಚರ ಉದ್ದಕ್ಕೂ ಇರಬೇಕು.

ಆದರೆ ಒಂದು ದೇಶದಲ್ಲಿ ಕಾರಣ ಮತ್ತು ಫಲ ಎರಡೂ ಸಾಕಷ್ಟು ಸ್ಪಷ್ಟವಾಗಿ ಕಾಣುತ್ತವೆ. ಅದು ಶ್ರೀಲಂಕಾ. 1995ರಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಲಕ್ಷಕ್ಕೆ 47. ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಯುದ್ಧ, ಬಡತನ, ನಿರುದ್ಯೋಗ ಎಂದು ಕಾರಣ ಪಟ್ಟಿ ಮಾಡುತ್ತ ಕುಳಿತಿದ್ದರೆ ಆ ದೇಶ ಇಂದಿಗೂ ಅಲ್ಲೇ ಇರುತ್ತಿತ್ತೋ ಏನೋ. ಅವರು ಹಿಡಿದದ್ದು ಬೇರೆ ತುದಿ. ಹಳ್ಳಿಮನೆಗಳಲ್ಲಿ ಇಟ್ಟುಕೊಳ್ಳುತ್ತಿದ್ದ ಅತಿ ವಿಷಕಾರಿ ಕೀಟನಾಶಕಗಳ ಆಮದು ಮತ್ತು ಮಾರಾಟವನ್ನು 1995ರಿಂದ ಹಂತ ಹಂತವಾಗಿ ನಿಲ್ಲಿಸಿದರು. 1998ರಲ್ಲಿ ಮತ್ತೊಂದು ಸುತ್ತು, 2008ರಿಂದ 2011ರ ನಡುವೆ ಇನ್ನೊಂದು. ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇಕಡ 70ರಷ್ಟು ಕುಸಿಯಿತು. 93,000ದಷ್ಟು ಜೀವಗಳು ಉಳಿದವು ಎಂಬುದು ಸಂಶೋಧಕರ ಅಂದಾಜು. ಬೆಳೆಯ ಇಳುವರಿಗೆ ಪೆಟ್ಟು ಬೀಳಲಿಲ್ಲ.

ಇದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಬೇರೆಯೇ ಇದೆ. ಜನರ ಸಂಕಟ ಕಡಿಮೆಯಾಗಿರಲಿಲ್ಲ. ಆತ್ಮಹತ್ಯೆಗೆ ಪ್ರಯತ್ನಿಸಿ ಆಸ್ಪತ್ರೆ ಸೇರುವವರು ಮುಂಚಿನಷ್ಟೇ ಇದ್ದರು, ಒಂದಷ್ಟು ಹೆಚ್ಚೇ ಆದರು. ಆದರೆ ಅವರು ಬದುಕಿ ಮನೆಗೆ ಹೋದರು. ‘ಸಾಯಬೇಕು ಎಂದು ನಿಶ್ಚಯಿಸಿದವರನ್ನು ಯಾರು ತಡೆದಾರು’ ಎಂಬ ನಮ್ಮ ಮಾತು ಇಲ್ಲಿ ಸುಳ್ಳಾಗುತ್ತದೆ. ಬಹಳ ಸಲ ಆ ಗಳಿಗೆ ಕಡಲಿನ ಉಬ್ಬರದಂತೆ, ಏರಿ ಇಳಿಯುತ್ತದೆ. ಇಳಿಯುವವರೆಗೆ ಮನುಷ್ಯ ಬದುಕಿದ್ದರೆ, ಅವರಲ್ಲಿ ಬಹುಪಾಲು ಜನ ಮುಂದೆಯೂ ಹೀಗೆ ಸಾಯುವುದಿಲ್ಲ. ಮನಸ್ಸನ್ನು ಒಂದೇ ದಿನದಲ್ಲಿ ಬದಲಾಯಿಸುವ ಸರಕಾರ ಎಲ್ಲೂ ಇಲ್ಲ. ಅಂಗಡಿಯ ಕಪಾಟಿನಲ್ಲಿ ಏನಿರಬೇಕು ಎಂದು ತೀರ್ಮಾನಿಸುವ ಅಧಿಕಾರಿ ಮಾತ್ರ ಎಲ್ಲ ಸರಕಾರಗಳಲ್ಲೂ ಇರುತ್ತಾನೆ. ಶ್ರೀಲಂಕಾದಲ್ಲಿ ‘ಇದಕ್ಕೆ ಬಂದವರು’ ಕೀಟನಾಶಕಗಳ ನೋಂದಣಿ ಕಚೇರಿಯವರು.

ಜಪಾನಿನ ಕಥೆ ನಮ್ಮ ಮುಂಬಯಿಯವರಿಗೆ ಇನ್ನೂ ಹತ್ತಿರದ್ದು, ಏಕೆಂದರೆ ಅದು ಕೆಲಸ, ಸಾಲ ಮತ್ತು ನಾಚಿಕೆಯ ಕಥೆ. 1997ರ ಕೊನೆಯಲ್ಲಿ ಅಲ್ಲಿ ದೊಡ್ಡ ಹಣಕಾಸು ಸಂಸ್ಥೆಗಳು ಬಿದ್ದವು. ಮರುವರ್ಷವೇ ಆತ್ಮಹತ್ಯೆಗಳ ಸಂಖ್ಯೆ ಒಮ್ಮೆಲೇ ನೆಗೆದು 32,000 ದಾಟಿತು. ಆಮೇಲೆ ಹದಿನಾಲ್ಕು ವರ್ಷ ಅದು 30,000ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. 2003ರಲ್ಲಿ 34,427ಕ್ಕೆ ಮುಟ್ಟಿತು. ಕೆಲಸ ಕಳೆದುಕೊಂಡ ನಡುವಯಸ್ಸಿನ ಗಂಡಸರೇ ಹೆಚ್ಚು. ಮನೆಯವರು ‘ಹೃದಯಾಘಾತ’ ಎನ್ನುತ್ತಿದ್ದರಂತೆ. ನಾನು ‘ಹಠಾತ್ತನೆ’ ಎಂದು ಬರೆಯುವ ಹಾಗೆ.

ಮೌನ ಮುರಿದದ್ದು ಮಕ್ಕಳಿಂದ. ತಂದೆಯನ್ನು ಹೀಗೆ ಕಳೆದುಕೊಂಡ ವಿದ್ಯಾರ್ಥಿಗಳು ಸಾರ್ವಜನಿಕವಾಗಿ ಮುಖ ತೋರಿಸಿ ಮಾತನಾಡತೊಡಗಿದರು. ಕಾನೂನು ಬೇಕೆಂದು ಒಂದು ಲಕ್ಷಕ್ಕೂ ಮಿಕ್ಕಿ ಸಹಿಗಳು ಸಂಗ್ರಹವಾದವು. 2006ರಲ್ಲಿ ಜಪಾನಿನ ಸಂಸತ್ತು ಆತ್ಮಹತ್ಯೆ ತಡೆಗೆಂದೇ ಒಂದು ಮೂಲ ಕಾಯ್ದೆ ಮಾಡಿತು. ಇದನ್ನು ವ್ಯಕ್ತಿಯೊಬ್ಬನ ಖಾಸಗಿ ಸಮಸ್ಯೆ ಎಂದಷ್ಟೇ ನೋಡಬಾರದು, ಹಿಂದೆ ಸಾಮಾಜಿಕ ಕಾರಣಗಳಿವೆ ಎಂಬ ಮಾತನ್ನು ಕಾನೂನೇ ಹೇಳಿತು. ಹೇಳಿ ಸುಮ್ಮನಾಗಲಿಲ್ಲ. ಅದೇ ವರ್ಷ ಬಡ್ಡಿ ವ್ಯಾಪಾರದ ಕಾಯ್ದೆಗೂ ತಿದ್ದುಪಡಿ ತಂದು, ಬಡ್ಡಿಯ ದರವನ್ನು ಶೇಕಡ 20ರೊಳಗೆ ಕಟ್ಟಿಹಾಕಿತು, ವಾರ್ಷಿಕ ವರಮಾನದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸಾಲ ಕೊಡಬಾರದು ಎಂದಿತು. 2010ಕ್ಕೆ ಅದು ಪೂರ್ತಿ ಜಾರಿಗೆ ಬಂತು. ಆತ್ಮಹತ್ಯೆ ತಡೆಯ ಬಗ್ಗೆ ಭಾಷಣ ಮಾಡುವವರಲ್ಲಿ ಬಡ್ಡಿ ದರದ ಮಾತೆತ್ತುವವರನ್ನು ನಾನು ಇಲ್ಲಿ ಕಂಡಿಲ್ಲ. ಚೀಟಿ ಮುರಿದು, ಕೈಸಾಲ ಬೆಳೆದು, ಊರಿಗೂ ಹೋಗಲಾರದೆ ಇಲ್ಲೂ ಇರಲಾರದೆ ಒದ್ದಾಡಿದವರನ್ನು ನಮ್ಮ ಸಂಘದ ಮೆಟ್ಟಿಲಲ್ಲೇ ಕಂಡಿದ್ದೇನೆ.

2016ರಲ್ಲಿ ಜಪಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರತಿಯೊಂದು ಪ್ರಾಂತ್ಯ, ಪ್ರತಿಯೊಂದು ನಗರಸಭೆ, ಪ್ರತಿಯೊಂದು ಹಳ್ಳಿಯ ಆಡಳಿತವೂ ತನ್ನದೇ ಆತ್ಮಹತ್ಯೆ ತಡೆ ಯೋಜನೆ ಮಾಡಲೇಬೇಕೆಂದು ಕಾಯ್ದೆ ತಿದ್ದಿತು. ಅಂಕಿಅಂಶಗಳೂ ಊರೂರಿನ ಲೆಕ್ಕದಲ್ಲಿ, ತಿಂಗಳು ತಿಂಗಳು ಹೊರಬರುತ್ತವೆ. ಟೋಕಿಯೊದ ಅದಾಚಿ ವಾರ್ಡು ಕೆಲಸ ಹುಡುಕಿಕೊಡುವವರು, ಸಾಲದ ವಿಷಯ ತಿಳಿದ ವಕೀಲರು, ಆರೋಗ್ಯ ಇಲಾಖೆಯವರು ಎಲ್ಲರನ್ನೂ ಒಂದೇ ಕಡೆ ಕೂರಿಸಿ ಹೆಸರಾಯಿತು. ಸಾಲ ಮಾಡಿ ಕೆಲಸ ಕಳೆದುಕೊಂಡು ನಿದ್ದೆಗೆಟ್ಟವನು ಮೂರು ಕಚೇರಿ ಅಲೆಯಬೇಕಿಲ್ಲ. ಮೂರನೆಯ ಕಚೇರಿಗೆ ಹೋಗುವಷ್ಟು ತ್ರಾಣ ಅಂಥವರಲ್ಲಿ ಇರುವುದೂ ಇಲ್ಲ. 2019ಕ್ಕೆ ಜಪಾನಿನ ಸಂಖ್ಯೆ 20,000ದ ಆಸುಪಾಸಿಗೆ ಇಳಿದಿತ್ತು. ಇಷ್ಟೆಲ್ಲ ಆಗಿಯೂ 2020ರ ಸಾಂಕ್ರಾಮಿಕದ ವರ್ಷದಲ್ಲಿ ಹೆಂಗಸರ ಸಾವುಗಳು ಏರಿದವು. ಒಟ್ಟು ಇಳಿಯುತ್ತಿರುವಾಗಲೇ ಶಾಲಾ ಮಕ್ಕಳ ಸಾವುಗಳು ವರ್ಷಕ್ಕೆ 500 ದಾಟಿವೆ. ಸಾಲಗಾರ ಗಂಡಸರಿಗಾಗಿ ಹೆಣೆದ ಬಲೆಯಲ್ಲಿ ಮಕ್ಕಳು ಸಿಗುವುದಿಲ್ಲ.

ಪಕ್ಕದ ದಕ್ಷಿಣ ಕೊರಿಯಾವನ್ನು ನೋಡಿದರೆ ಕಡತವೊಂದೇ ಏನೂ ಮಾಡದು ಎಂಬುದು ಗೊತ್ತಾಗುತ್ತದೆ. 2004ರಿಂದ ಐದು ವರ್ಷಗಳ ಯೋಜನೆಗಳ ಮೇಲೆ ಯೋಜನೆ, 2011ರಲ್ಲಿ ಕಾಯ್ದೆ, ಎಲ್ಲವೂ ಇದೆ. ಆದರೂ ಶ್ರೀಮಂತ ದೇಶಗಳ ಕೂಟದಲ್ಲಿ ಆತ್ಮಹತ್ಯೆಯ ಪ್ರಮಾಣ ಅಲ್ಲೇ ಅತಿ ಹೆಚ್ಚು. ಮುದುಕರ ಬಡತನವೂ ಆ ಕೂಟದಲ್ಲಿ ಅಲ್ಲೇ ಅತಿ ಹೆಚ್ಚಿನದು ಎಂಬುದನ್ನು ಇದರ ಜೊತೆಗಿಟ್ಟು ಓದಬೇಕು. ಅಲ್ಲಿ ಕಣ್ಣಿಗೆ ಕಾಣುವಂತೆ ಫಲ ಕೊಟ್ಟ ಕ್ರಮಗಳಲ್ಲಿ ಒಂದು ಮತ್ತೆ ಅದೇ, ಅತಿ ವಿಷಕಾರಿ ಕಳೆನಾಶಕವೊಂದರ ನಿಷೇಧ.

ಇನ್ನು ನಮ್ಮ ದೇಶ. ಇಲ್ಲಿ ‘ಇದಕ್ಕೆ ಯಾರು ಬರುತ್ತಾರೆ’ ಎಂಬ ಪ್ರಶ್ನೆಗೆ ಒಂದೂವರೆ ಶತಮಾನ ಒಂದೇ ಉತ್ತರ ಇತ್ತು: ಪೊಲೀಸರು. 1860ರ ದಂಡಸಂಹಿತೆಯ 309ನೇ ಕಲಮಿನಲ್ಲಿ ಆತ್ಮಹತ್ಯೆಯ ಪ್ರಯತ್ನವೇ ಅಪರಾಧ. ಅದನ್ನು ನಮಗೆ ಕೊಟ್ಟ ಇಂಗ್ಲೆಂಡ್ ತನ್ನ ಮನೆಯಲ್ಲಿ ಅಂಥ ಕಾನೂನನ್ನು 1961ರಲ್ಲೇ ಕೈಬಿಟ್ಟಿತು. ಈ ಕಥೆಯಲ್ಲಿ ಮುಂಬಯಿಗೆ ಒಂದು ಗೌರವದ ಸ್ಥಾನವಿದೆ, ಇಲ್ಲಿನವರಿಗೇ ಅದು ಮರೆತುಹೋಗಿದೆ. ಮಾನಸಿಕ ಕಾಯಿಲೆಯಿಂದ ನರಳುತ್ತಿದ್ದ ಮುಂಬಯಿ ಪೊಲೀಸ್ ಕಾನ್‌ಸ್ಟೆಬಲ್ ಒಬ್ಬರ ಮೇಲೆ 309ರ ಮೊಕದ್ದಮೆ ಬಿದ್ದಾಗ, 1986ರಲ್ಲಿ ಬಾಂಬೆ ಹೈಕೋರ್ಟು ಆ ಕಲಮೇ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. 1994ರಲ್ಲಿ ಸುಪ್ರೀಂ ಕೋರ್ಟು ಹಾಗೆಯೇ ಹೇಳಿತು, 1996ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿರುಗಿಸಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮು, ಹೀಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿಯಬೇಕು, ಅವರ ಆರೈಕೆ ಸರಕಾರದ ಹೊಣೆ ಎಂದಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309 ಇಲ್ಲ. ಸರಕಾರಿ ನೌಕರನ ಮೇಲೆ ಒತ್ತಡ ತರುವುದಕ್ಕೆಂದು ಮಾಡುವ ಪ್ರಯತ್ನ ಮಾತ್ರ ಇನ್ನೂ ಅಪರಾಧವಾಗಿ ಉಳಿದಿದೆ. ಪಾಕಿಸ್ತಾನ 2022ರಲ್ಲಿ, ಮಲೇಷ್ಯಾ 2023ರಲ್ಲಿ ಇದೇ ದಾರಿಗೆ ಬಂದವು. ಕಾನೂನು ಬದಲಾದುದನ್ನು ಜನ ನಂಬಲು ಸಮಯ ಹಿಡಿಯುತ್ತದೆ. ಇಂದಿಗೂ ಆಸ್ಪತ್ರೆಯ ಬಾಗಿಲಲ್ಲಿ ‘ಜಾರಿ ಬಿದ್ದ’, ‘ತಪ್ಪಿ ಕುಡಿದ’ ಎನ್ನುವ ಮನೆಯವರು ಇದ್ದಾರೆ. ಆ ಸುಳ್ಳಿನಿಂದ ಲೆಕ್ಕ ತಪ್ಪುವುದು ಇರಲಿ, ಬದುಕಿ ಉಳಿದವರಿಗೆ ಆಮೇಲೆ ಸಿಗಬೇಕಾದ ಆರೈಕೆಯೂ ತಪ್ಪುತ್ತದೆ.

ಭಾರತದ ರಾಷ್ಟ್ರೀಯ ಕಾರ್ಯತಂತ್ರ ಹೊರಬಿದ್ದದ್ದು 2022ರ ನವೆಂಬರ್‌ನಲ್ಲಿ, ಫಿನ್‌ಲೆಂಡ್ ಶುರುಮಾಡಿ 36 ವರ್ಷಗಳ ಮೇಲೆ. ಗುರಿ: 2030ರೊಳಗೆ ಆತ್ಮಹತ್ಯೆಯ ಸಾವುಗಳನ್ನು ಶೇಕಡ 10ರಷ್ಟು ಇಳಿಸುವುದು. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟುಕೊಂಡಿರುವ ಅಳತೆ ಮೂರನೆಯ ಒಂದು ಭಾಗ. ನಾವು ಹತ್ತಕ್ಕೆ ಒಂದು ಎಂದಿದ್ದೇವೆ. ಮೂರು ವರ್ಷದಲ್ಲಿ ಸರಿಯಾದ ಎಣಿಕೆಯ ವ್ಯವಸ್ಥೆ, ಐದು ವರ್ಷದಲ್ಲಿ ಎಲ್ಲ ಜಿಲ್ಲೆಗಳಲ್ಲೂ ಆತ್ಮಹತ್ಯೆ ತಡೆ ಸೇವೆ ಕೊಡುವ ಮನೋವೈದ್ಯಕೀಯ ಹೊರರೋಗಿ ವಿಭಾಗ, ಎಂಟು ವರ್ಷದಲ್ಲಿ ಎಲ್ಲ ಶಿಕ್ಷಣ ಸಂಸ್ಥೆಗಳಲ್ಲೂ ಮಾನಸಿಕ ಸ್ವಾಸ್ಥ್ಯದ ಪಾಠ. ಮೊದಲ ಗಡುವು 2025ರಲ್ಲೇ ಮುಗಿಯಿತು. ಓದಲು ಇದು ಒಳ್ಳೆಯ ದಸ್ತಾವೇಜು. ಕೀಟನಾಶಕವೂ ಇದೆ, ಪತ್ರಿಕೆಗಳೂ ಇವೆ, ಕುಡಿತವೂ ಇದೆ. ಇಲ್ಲದಿರುವುದು ಜಪಾನಿನದಂತಹ ಕಾನೂನಿನ ಬೆನ್ನೆಲುಬು. ವಾರ್ಡಿನ ಮಟ್ಟದಲ್ಲಿ ಮಾಡದಿದ್ದರೆ ಯಾರನ್ನು ಕೇಳಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಆತ್ಮಹತ್ಯೆಗಳಾದವು. ಈ ಲೆಕ್ಕ ಇಡುವುದು ಆರೋಗ್ಯ ಇಲಾಖೆಯಲ್ಲ, ಅಪರಾಧದ ಕಚೇರಿ, ಎಂಬುದೇ ಒಂದು ಕಥೆ ಹೇಳುತ್ತದೆ. ಮಹಾರಾಷ್ಟ್ರದಲ್ಲಿ 22,746, ಇಡೀ ದೇಶದಲ್ಲಿ ಮೊದಲ ಸ್ಥಾನ. ಕರ್ನಾಟಕದಲ್ಲಿ 13,606, ನಾಲ್ಕನೆಯದು. ನಾವು ಬದುಕುವ ರಾಜ್ಯ ಮತ್ತು ನಮ್ಮ ಊರಿರುವ ರಾಜ್ಯ, ಎರಡನ್ನೂ ಸೇರಿಸಿದರೆ ದೇಶದ ಐದರಲ್ಲಿ ಒಂದಕ್ಕಿಂತ ಹೆಚ್ಚು. ಮಹಾರಾಷ್ಟ್ರ ಎಂದೊಡನೆ ಎಲ್ಲರ ಬಾಯಲ್ಲೂ ಬರುವುದು ವಿದರ್ಭದ ರೈತರು. ಅದು ಬರಬೇಕಾದ್ದೇ. ಆದರೆ ಆ ವರ್ಷ ದೇಶದಲ್ಲಿ ಹೀಗೆ ಸತ್ತವರಲ್ಲಿ ಕೃಷಿಯನ್ನು ನಂಬಿದವರು 11,290. ದಿನಗೂಲಿಯವರು ಒಟ್ಟು ಸಂಖ್ಯೆಯ ಕಾಲು ಭಾಗಕ್ಕಿಂತ ಹೆಚ್ಚು. ಅವರ ಬಗ್ಗೆ ಯಾವ ಅಧಿವೇಶನದಲ್ಲೂ ಅಷ್ಟು ಗದ್ದಲವಾಗುವುದಿಲ್ಲ.

ಕುಂದಾಪುರ ಕಡೆಯಿಂದ ಬಂದು ಇಲ್ಲಿನ ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬನನ್ನು ತೆಗೆದುಕೊಳ್ಳಿ. ಅವನ ಸಾವು ಮಹಾರಾಷ್ಟ್ರದ ಪಟ್ಟಿಗೆ ಸೇರುತ್ತದೆ. ಸಂಕಟದ ಬೇರು, ಸಾಲವೋ ತಂಗಿಯ ಮದುವೆಯೋ ತಾಯಿಯ ಕಾಯಿಲೆಯೋ, ಉಡುಪಿ ಜಿಲ್ಲೆಯಲ್ಲಿರುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಅಲ್ಲಿಯೂ ಅವನಿಲ್ಲ, ಇಲ್ಲಿಯೂ ಅವನಿಲ್ಲ. ಹಿಂದೆ ಫೋರ್ಟು, ಮಾಟುಂಗಗಳ ಕನ್ನಡ ರಾತ್ರಿಶಾಲೆಗಳಿಗೆ ಇಂಥ ಹುಡುಗರು ಮುಸುರೆ ತೊಳೆದ ಕೈಯಲ್ಲೇ ಬರುತ್ತಿದ್ದರು. ಎರಡು ದಿನ ಬಾರದಿದ್ದರೆ ಮೇಷ್ಟ್ರು ಹೋಟೆಲಿಗೇ ಹೋಗಿ ವಿಚಾರಿಸುತ್ತಿದ್ದರು. ಜಪಾನಿನ ಯೋಜನೆಯಲ್ಲಿ ಇಂಥವರಿಗೆ ‘ಗೇಟ್‌ಕೀಪರ್’ ಎಂದು ಹೆಸರು. ಕ್ಷೌರಿಕರು, ಔಷಧಿ ಅಂಗಡಿಯವರು, ಕಚೇರಿಯ ಗುಮಾಸ್ತರು ಮುಂತಾದ ದಿನನಿತ್ಯ ಜನರನ್ನು ಕಾಣುವವರಿಗೆ, ಯಾರು ಕುಗ್ಗಿದ್ದಾರೆ ಎಂದು ಗುರುತಿಸಿ ನೇರವಾಗಿ ಕೇಳುವ ತರಬೇತಿ ಕೊಡುತ್ತಾರೆ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂದು ನಾವು ಹೆದರುತ್ತೇವಲ್ಲ, ಆ ಹೆದರಿಕೆಗೆ ಆಧಾರವಿಲ್ಲ. ಕೇಳಿದರೆ ಎದುರಿಗಿದ್ದವರಿಗೆ ಉಸಿರಾಡಲು ಜಾಗ ಸಿಗುತ್ತದೆ. ನಮ್ಮ ರಾತ್ರಿಶಾಲೆಗಳು ಹೆಚ್ಚಿನವು ಮುಚ್ಚಿದವು. ಅವುಗಳ ಈ ಕೆಲಸವನ್ನು ಯಾರೂ ಯಾವ ವರದಿಯಲ್ಲೂ ಬರೆಯಲಿಲ್ಲ.

ವಿಚಾರಿಸುವುದಕ್ಕೆ ಎಷ್ಟು ಬಲವಿದೆ ಎಂದು ಅಳೆದು ನೋಡಿದ್ದೂ ಇದೆ. ಚೆನ್ನೈ ಸೇರಿದಂತೆ ಐದು ದೇಶಗಳ ಐದು ಕಡೆ, ಆತ್ಮಹತ್ಯೆಗೆ ಪ್ರಯತ್ನಿಸಿ ಆಸ್ಪತ್ರೆಗೆ ಬಂದ 1,867 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆ ಒಂದು ಗಂಟೆಯ ಮಾತುಕತೆ, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನು ಅಥವಾ ಭೇಟಿ, ಹೇಗಿದ್ದೀರಿ ಎಂದು. ಮೊದಲ ಗುಂಪಿನಲ್ಲಿ ಶೇಕಡ 2.2ರಷ್ಟು ಜನ ಮುಂದೆ ಆತ್ಮಹತ್ಯೆಯಿಂದ ಸತ್ತರು, ಎರಡನೆಯದರಲ್ಲಿ ಶೇಕಡ 0.2. ಈ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಫ್ರಾನ್ಸ್ ಇಂಥ ಆಲೋಚನೆಯನ್ನೇ 2015ರಲ್ಲಿ ತನ್ನ ಉತ್ತರ ಭಾಗದಲ್ಲಿ ಶುರುಮಾಡಿ, ಆಸ್ಪತ್ರೆಯಿಂದ ಮನೆಗೆ ಹೋದವರಿಗೆ ಫೋನು ಮಾಡುವ, ಕಾರ್ಡು ಕಳಿಸುವ ವ್ಯವಸ್ಥೆಯನ್ನು ದೇಶಕ್ಕೆಲ್ಲ ಹರಡಿತು. ಯಂತ್ರ ಬೇಡ, ಹೊಸ ಔಷಧಿ ಬೇಡ. ಫೋನು ಮಾಡುವುದನ್ನೇ ಕೆಲಸ ಮಾಡಿಕೊಂಡ, ಅದಕ್ಕೆ ಸಂಬಳ ಪಡೆಯುವ ಒಬ್ಬರು ಬೇಕು.

ಪತ್ರಿಕೆಗಳ ಪಾಲನ್ನೂ ಹೇಳಿಬಿಡುತ್ತೇನೆ, ನಾನೂ ಬರೆಯುವವನೇ ಆದ್ದರಿಂದ. ವಿಯೆನ್ನಾದಲ್ಲಿ 1987ರಲ್ಲಿ ಪತ್ರಕರ್ತರು ಮೆಟ್ರೊದಲ್ಲಾಗುವ ಆತ್ಮಹತ್ಯೆಗಳ ರೋಚಕ ವರದಿ ನಿಲ್ಲಿಸಿದರು. ಅಲ್ಲಿನ ಅಂಥ ಸಾವುಗಳು ಕಾಲು ಭಾಗಕ್ಕಿಂತ ಕೆಳಗೆ ಇಳಿದವು. ಭಾರತೀಯ ಪತ್ರಿಕಾ ಮಂಡಳಿಯೂ 2019ರಲ್ಲಿ ವಿಧಾನ, ಸ್ಥಳ, ಚೀಟಿಯ ವಿವರ ಬರೆಯಬೇಡಿ ಎಂದು ಮಾರ್ಗಸೂಚಿ ಕೊಟ್ಟಿದೆ. ಕನ್ನಡದಲ್ಲಿ ನಮಗೆ ಇನ್ನೊಂದು ರೋಗ ಇದೆ. ತಲೆಬರಹದಲ್ಲಿ ವಿಧಾನವನ್ನು ಹೆಸರಿಸಿ ಪಕ್ಕದಲ್ಲಿ ‘ಶರಣು’ ಎಂದು ಬರೆಯುತ್ತೇವೆ. ಬಸವಣ್ಣನವರ ಕಾಲದಿಂದ ಭಕ್ತಿಗೆ ಮೀಸಲಾದ ಪದವನ್ನು, ಕೈಮುಗಿಯುವ ಪದವನ್ನು, ಎಂಥದರ ಮುಂದೆ ನಿಲ್ಲಿಸಿದ್ದೇವೆ! ಅದರ ಬದಲು ನಾನು ಬಳಸುವ ‘ಹಠಾತ್ತನೆ’ ಕೂಡ ಒಳ್ಳೆಯದೇನಲ್ಲ. ಅದು ಮುಚ್ಚಿಡುವ ಪದ. ‘ಆತ್ಮಹತ್ಯೆಯಿಂದ ತೀರಿಕೊಂಡರು’ ಎಂದು ಸರಳವಾಗಿ, ಮನೆಯವರ ಒಪ್ಪಿಗೆಯಿದ್ದರೆ ಬರೆದು, ಕೆಳಗೆ ಸಹಾಯವಾಣಿಯ ಸಂಖ್ಯೆ ಕೊಡುವುದೆಂದು ಈಚೆಗೆ ಸಂಪಾದಕರ ಜೊತೆ ಜಗಳವಾಡಿ ಒಪ್ಪಿಸಿದ್ದೇನೆ.

ಆ ಸಂಖ್ಯೆ 14416. ಟೆಲಿ ಮಾನಸ್, ಕೇಂದ್ರ ಸರಕಾರದ್ದು, 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲೂ ರಾತ್ರಿ ಉಚಿತ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಸಾಯಬೇಕೆನ್ನುವಷ್ಟು ದುಃಖ ಬಂದಾಗ ಮರಾಠಿಯಲ್ಲಿ ವಾಕ್ಯ ಕಟ್ಟುತ್ತ ಕೂರಲು ಯಾರಿಂದಲೂ ಆಗದು. ಇದನ್ನು ಓದುತ್ತಿರುವ ನಿಮಗೇ ಅಂಥ ಭಾರವಿದ್ದರೆ ಈಗಲೇ ಕರೆ ಮಾಡಿ, ಇಲ್ಲವೇ ಹತ್ತಿರದ ಒಬ್ಬರನ್ನು ಎಬ್ಬಿಸಿ ಹೇಳಿ. ರಾತ್ರಿ ಎರಡಾಗಿದ್ದರೂ ಸರಿ.

ಸಂಘದ ಕ್ಯಾಲೆಂಡರಿನಲ್ಲಿ ಈ ಬಾರಿ ಆ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿದೆವು. ಕುರ್ಲಾದ ಹಿರಿಯರಿಗೆ ನಾನೇ ಒಂದು ಪ್ರತಿ ಕೊಟ್ಟುಬಂದೆ. ಅವರು ಅದನ್ನು ಗಲ್ಲಾದ ಹಿಂದೆ, ದೇವರ ಪಟದ ಪಕ್ಕ ಹಿಡಿದು ನೋಡಿದರು. “ಇಲ್ಲಿ ಹಾಕಿದರೆ ಗಿರಾಕಿಗಳಿಗೆ ಕಾಣುತ್ತದೆ, ನಮ್ಮ ಹುಡುಗರಿಗೆ ಕಾಣುವುದಿಲ್ಲ” ಎಂದರು. ಸ್ವಲ್ಪ ಯೋಚಿಸಿ ಮಾಳಿಗೆಗೆ ಹತ್ತಿದರು, ಮೊಣಕಾಲು ನೋವಿದ್ದರೂ. ಹುಡುಗರು ರಾತ್ರಿ ಮಲಗುವ ಮುಂಚೆ ಮೊಬೈಲ್ ಚಾರ್ಜಿಗೆ ಹಾಕುವ ಒಂದು ಸ್ವಿಚ್ ಬೋರ್ಡು ಅಲ್ಲಿದೆ. ಮೊಳೆ ಹೊಡೆದದ್ದು ಅದರ ಮೇಲೆ.